ನಮ್ಮೂರ ಸರ್ಕಾರಿ ಶಾಲೆಯ ಲೆಕ್ಕ: ಯುಡೈಸ್ ಪ್ಲಸ್ ವರದಿ ಕಾರ್ಡ್ ಎಲ್ಲಿ ಉಪಯೋಗ, ಎಲ್ಲಿ ಅಲ್ಲ
ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸಣ್ಣ ಹಟ್ಟಿಯ ಶಾಲೆಯಲ್ಲಿ ಮಕ್ಕಳೆಷ್ಟು, ಮೇಷ್ಟ್ರೆಷ್ಟು ಎಂದು ತಿಳಿಯಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆಯಬೇಕಿಲ್ಲ. ದೇಶದ ಶಾಲೆಗಳ ಅಂಕಿಅಂಶ ಕಲೆಹಾಕುವ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ಜಾಲತಾಣದ 'ನೋ ಯುವರ್ ಸ್ಕೂಲ್' ಪುಟದಲ್ಲಿ ಪ್ರತಿ ಶಾಲೆಯ ವರದಿ ಕಾರ್ಡ್ ಪುಕ್ಕಟೆ ಸಿಗುತ್ತದೆ. ದಾಖಲಾತಿ ನೋಡಲು ಬಲು ಒಳ್ಳೆಯದು. ಮಕ್ಕಳು ಏನು ಕಲಿತಿದ್ದಾರೆ ಎಂಬುದಕ್ಕೆ ಇದನ್ನು ನೆಚ್ಚಬೇಡಿ.

ಹುಡುಕುವಾಗಲೇ ತೊಡಕು. ಊರ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ. ಗೊಲ್ಲರಹಟ್ಟಿಯಂಥ ಹೆಸರಿನ ಊರುಗಳು ಹಲವು, ಕಾಗುಣಿತವೂ ಒಂದೇ ಅಲ್ಲ. ಮುಖ್ಯ ಶಿಕ್ಷಕರಿಂದ 11 ಅಂಕಿಯ ಯುಡೈಸ್ ಕೋಡ್ ಕೇಳಿ ಪಡೆಯಿರಿ. ಮೊದಲ ಎರಡಂಕಿ 29 ಎಂದರೆ ಕರ್ನಾಟಕ. ಮುಂದಿನ 13 ಚಿತ್ರದುರ್ಗ, 14 ದಾವಣಗೆರೆ. ಆಮೇಲೆ ಬ್ಲಾಕಿಗೆ ಎರಡು, ಹಳ್ಳಿಗೆ ಮೂರು, ಶಾಲೆಗೆ ಎರಡು ಅಂಕಿ.

ಒಂದೇ ವರ್ಷದ ಒಟ್ಟು ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬಾರದು. ಮೂರು ವರ್ಷದ ಕಾರ್ಡ್ ಪಕ್ಕಪಕ್ಕ ಇಟ್ಟು ಒಂದೇ ತಂಡವನ್ನು ಹಿಂಬಾಲಿಸಿ: ಈ ವರ್ಷದ ಒಂದನೇ ತರಗತಿ, ಮರುವರ್ಷದ ಎರಡನೇ ತರಗತಿ. ಎಂಟು ಮಕ್ಕಳ ತರಗತಿಯಲ್ಲಿ ಒಂದು ಕುಟುಂಬ ಗುಳೆ ಹೋಗಿ ಒಂದು ಮಗು ಕಡಿಮೆಯಾದರೂ ಶೇ 12.5 ಕುಸಿತ! ಅಲ್ಲಿ ಶೇಕಡಾ ಬೇಡ, ತಲೆ ಎಣಿಸಿ. ಐದನೆಯದರ ನಂತರ ಸೊನ್ನೆ ಕಂಡರೆ ಗಾಬರಿಯಾಗಬೇಡಿ. ಕಿರಿಯ ಪ್ರಾಥಮಿಕ ಶಾಲೆ ಮುಗಿಯುವುದೇ ಅಲ್ಲಿ, ಮಕ್ಕಳು ಟಿಸಿ ಪಡೆದು ಹಿರಿಯ ಪ್ರಾಥಮಿಕಕ್ಕೆ ಹೋಗುತ್ತಾರೆ. ನಿಜವಾಗಿ ಎದೆ ನಡುಗಬೇಕಾದದ್ದು ಒಂದನೇ ತರಗತಿ ಸತತ ಎರಡು ವರ್ಷ ಬರಿದಾದಾಗ.

ಶಿಕ್ಷಕರ ಸಾಲನ್ನು ಎಚ್ಚರದಿಂದ ಓದಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಒಬ್ಬರು ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ನಲಿಕಲಿ, ಇನ್ನೊಬ್ಬರು ನಾಲ್ಕು-ಐದು ನೋಡಿಕೊಂಡರೆ ನಡೆಯುತ್ತದೆ. ಒಬ್ಬರು ತರಬೇತಿಗೋ ನಿಯೋಜನೆಗೋ ಹೋದ ದಿನ ಐದೂ ತರಗತಿ ಒಬ್ಬರ ತಲೆಯ ಮೇಲೆ. ಕಾರ್ಡಿನಲ್ಲಿ ಆ ದಿನಗಳು ಕಾಣುವುದಿಲ್ಲ. ಶೌಚಾಲಯದ ಸಾಲೂ ಹಾಗೇ: ಕಟ್ಟಡ ಇದೆ ಎಂದರೆ ನಲ್ಲಿಯಲ್ಲಿ ನೀರು ಬರುತ್ತದೆ ಎಂದಲ್ಲ. ಕಾರ್ಡಿನ ಮಾಹಿತಿ ತುಂಬುವುದು ಶಾಲೆಯೇ, ಹೋಗಿ ನೋಡಿ.

ಪ್ರೌಢಶಾಲೆಯಾದರೆ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಕಾರ್ಡಿನ ಜೊತೆ ಇಟ್ಟು ನೋಡಿ. ಪರೀಕ್ಷೆಗೆ ಕೂತವರು ಎಷ್ಟು, ಎರಡು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿದ್ದವರು ಎಷ್ಟು? 30 ಜನರಲ್ಲಿ 18 ಮಂದಿ ಕೂತು ಎಲ್ಲರೂ ಪಾಸಾದರೆ ಫಲಕದ ಮೇಲೆ ಶೇ 100 ಎಂದಿರುತ್ತದೆ. ಉಳಿದ 12 ಮಕ್ಕಳು ಎಲ್ಲಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ.