ಉಳಿದ ಪೇಂಟ್ ಎಲ್ಲಿ ಕೊಡುವುದು? ಕ್ಯಾಲಿಫೋರ್ನಿಯಾದ ಪೇಂಟ್‌ಕೇರ್ ಸೇವೆ ಹೀಗಿದೆ

ಊರಲ್ಲಾದರೆ ಉಳಿದ ಬಣ್ಣವನ್ನು ಪೇಂಟರೇ ಮುಂದಿನ ಕೆಲಸಕ್ಕೆ ಒಯ್ದುಬಿಡುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಅದು ಗ್ಯಾರೇಜಿನಲ್ಲೇ ಕೂರುತ್ತದೆ. ಕಸದ ತೊಟ್ಟಿಗೂ ಮೋರಿಗೂ ಸುರಿಯುವ ಹಾಗಿಲ್ಲ. 2012ರಿಂದ ಇಲ್ಲಿ ನಡೆಯುತ್ತಿರುವ ಪೇಂಟ್‌ಕೇರ್ ಇದಕ್ಕೆಂದೇ ಇದೆ. ಡಬ್ಬ ಕೊಡುವಾಗ ದುಡ್ಡಿಲ್ಲ, ಹೊಸ ಪೇಂಟ್ ಕೊಂಡಾಗಲೇ ಶುಲ್ಕ ತೆತ್ತಿರುತ್ತೀರಿ. ಹಾಗಾಗಿ ಬಳಸಿಕೊಳ್ಳದಿದ್ದರೆ ನಷ್ಟ ನಮ್ಮದೇ.

ಅನೇಕ ಪೇಂಟ್ ಅಂಗಡಿಗಳೇ ಸಂಗ್ರಹ ಕೇಂದ್ರಗಳು. ಪೇಂಟ್ ಅದರದ್ದೇ ಡಬ್ಬದಲ್ಲಿರಬೇಕು, ಲೇಬಲ್ ಓದುವಂತಿರಬೇಕು, ಮುಚ್ಚಳ ಬಿಗಿಯಾಗಿರಬೇಕು. ಸ್ಪ್ರೇ ಕ್ಯಾನ್, ತಿನ್ನರ್, ಸೋರುವ ಡಬ್ಬ, 5 ಗ್ಯಾಲನ್ ಮೀರಿದ ಡಬ್ಬ ನಡೆಯುವುದಿಲ್ಲ. ಒಂದು ಸಲಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದು ಅಂಗಡಿಗೊಂದು ರೀತಿ, ಫೋನ್ ಮಾಡಿಯೇ ಹೋಗಿ. ಜಾಗ ಉಳಿಸಲು ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿಯಬೇಡಿ. ಆಯಿಲ್ ಪೇಂಟ್ ಬೆರೆತರೆ ಒಳ್ಳೆಯ ಲೇಟೆಕ್ಸೂ (ನೀರು ಬೆರೆಸಿ ಮಾಡಿದ ಪೇಂಟ್) ಕೆಟ್ಟಂತೆಯೇ.

ಮತ್ತೆ ಪೇಂಟ್ ಆಗುವುದು ಲೇಟೆಕ್ಸ್ ಮಾತ್ರ. ಆಯಿಲ್ ಪೇಂಟಿನ ಬಹುಪಾಲು ಇಂಧನವಾಗಿ ಉರಿಯುತ್ತದೆ. ಲೇಟೆಕ್ಸ್ ಡಬ್ಬ ತೆರೆದು ಪರೀಕ್ಷಿಸುತ್ತಾರೆ. ಹುಳಿನಾತ ಬಂದರೆ ಬ್ಯಾಕ್ಟೀರಿಯಾ ಹೊಕ್ಕಿದೆ ಎಂದರ್ಥ. ಚಳಿಗೆ ಹೆಪ್ಪುಗಟ್ಟಿ ಕರಗಿದ್ದು ಒಡೆದ ಹಾಲಿನ ಹಾಗೆ ಗಂಟುಗಂಟಾಗಿರುತ್ತದೆ, ಎಷ್ಟು ಕಲಕಿದರೂ ಕೂಡಿಕೊಳ್ಳದು. ಚೆನ್ನಾಗಿರುವುದನ್ನು ಬಣ್ಣವಾರು ವಿಂಗಡಿಸಿ, ದೊಡ್ಡ ತೊಟ್ಟಿಯಲ್ಲಿ ಬೆರೆಸಿ, ಸೋಸಿ, ಡಬ್ಬಕ್ಕೆ ತುಂಬುತ್ತಾರೆ.

ಹೀಗೆ ತಯಾರಾದ ಪೇಂಟ್ ಬೆಲೆಯಲ್ಲಿ ಅಗ್ಗ, ಬಣ್ಣದಲ್ಲಿ ಬಡವ. ನೂರು ಡಬ್ಬ ಬೆರೆತಾಗ ಬರುವುದು ಮರಳಿನ ಬಣ್ಣದ ಬೇಜ್, ಬೂದು, ಕಂದು. ಅಚ್ಚ ಬಿಳಿ ಅಪರೂಪ. ಹೊಳಪಿಲ್ಲದ ಮ್ಯಾಟ್, ಹೊಳೆಯುವ ಗ್ಲಾಸಿ ಎಲ್ಲ ಸೇರಿರುವುದರಿಂದ ಹೊಳಪೂ ಮಧ್ಯಮ. ಬ್ಯಾಚಿನಿಂದ ಬ್ಯಾಚಿಗೆ ಛಾಯೆ ಬದಲಾಗುತ್ತದೆ, ಅರ್ಧ ಗೋಡೆಯಾದ ಮೇಲೆ ಇನ್ನೊಂದು ಡಬ್ಬ ತಂದರೆ ಪಟ್ಟೆ ಎದ್ದು ಕಾಣುತ್ತದೆ. ಗ್ಯಾಲನ್‌ಗೆ 250-300 ಚದರಡಿ ಲೆಕ್ಕ ಹಿಡಿದು, ಎರಡು ಕೋಟ್‌ಗೆ ಬೇಕಾದಷ್ಟನ್ನು ಒಮ್ಮೆಗೇ ಕೊಳ್ಳಿ. 5 ಗ್ಯಾಲನ್ ಬಕೆಟ್‌ನಲ್ಲಿ ಎಲ್ಲ ಕೂಡಿಸಿ ಕಲಕಿ. ಮುಂದೆ ತೇಪೆ ಹಾಕಲು ಒಂದು ಸಣ್ಣ ಬಾಟಲಿ ತೆಗೆದಿಡಿ. ಲೇಬಲ್ ಮೇಲೆ, ಪರಿಸರಸ್ನೇಹಿ ವಸ್ತುಗಳಿಗೆ ಪ್ರಮಾಣಪತ್ರ ಕೊಡುವ ಗ್ರೀನ್ ಸೀಲ್ ಸಂಸ್ಥೆಯ ಜಿಎಸ್-43 ಗುರುತಿದ್ದರೆ ಒಳ್ಳೆಯದು. ಮರುಬಳಕೆಯ ಲೇಟೆಕ್ಸ್‌ಗೆಂದೇ ಇರುವ ಮಾನದಂಡ ಅದು.

ಬೇಲಿ, ಗ್ಯಾರೇಜ್, ಬಾಡಿಗೆ ಮನೆಯ ಗೋಡೆಗೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಹಾಲ್‌ಗೆ ಇಂಥದ್ದೇ ಶೇಡ್ ಬೇಕು ಎನ್ನುವವರು ಹೊಸದನ್ನೇ ಕೊಳ್ಳಲಿ, ಆದರೆ ಗೋಡೆ ಅಳೆದು ಕೊಳ್ಳಲಿ.