ಪತ್ರಿಕೆಯಲ್ಲೇ ಇರಲಾ, ಪಕ್ಷ ಸೇರಲಾ?

ಅಕ್ಕನ ಮಗ ಹಾಸನದಲ್ಲಿ ವರದಿಗಾರ. ಮೊನ್ನೆ ಕೇಳಿದ: "ಮಾವ, ಮಂತ್ರಿ ಆಗೋ ಆಸೆ ಇದೆ. ಈಗ್ಲೇ ಪಕ್ಷ ಸೇರ್ಲಾ, ಇನ್ನೂ ಬರೀತಾ ಇರ್ಲಾ?"

ಮೊದಲು ದುಡ್ಡು. ವರದಿಗಾರನ ಸಂಬಳ ಚಿಕ್ಕದು, ಆದರೂ ತಿಂಗಳಿಗೊಮ್ಮೆ ಬರುತ್ತದೆ. ಕಾರ್ಯಕರ್ತನಿಗೆ ಅದೂ ಇಲ್ಲ. ಮದುವೆ, ತಿಥಿ, ಜಾತ್ರೆ ಅಂತ ಕೈಯಿಂದಲೇ ಜಾಸ್ತಿ ಹೋಗುತ್ತದೆ. ವಿಧಾನಸಭೆಗೆ ನಿಲ್ಲಲು ಠೇವಣಿ 10,000 ರೂಪಾಯಿ ಅಷ್ಟೆ. ಆದರೆ ಖರ್ಚಿನ ಮಿತಿಯೇ 40 ಲಕ್ಷ!

ಕಲಿಕೆ ಮಾತ್ರ ಪತ್ರಿಕೆಯಲ್ಲೇ ಹೆಚ್ಚು. ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂತರೆ, ಯಾವ ಅಧಿಕಾರಿ ಕಾಡಾನೆ ಪರಿಹಾರದ ಪ್ರಶ್ನೆ ಬಂದಾಗ ಸುಮ್ನೆ ಕಡತ ತಿರುವುತ್ತಾನೆ ಅಂತ ಕಾಣುತ್ತದೆ. ಪಕ್ಷದ ಶಾಲು ಹೊದ್ದ ಮೇಲೆ ಅದೇ ಅಧಿಕಾರಿ ನಕ್ಕು ಕಾಫಿ ತರಿಸುತ್ತಾನೆ, ವಿಷಯ ಹೇಳುವುದಿಲ್ಲ.

ಹೀಗೆ ಬರೆದೇ ಮೇಲೆ ಹೋದವರಿದ್ದಾರೆ. 'ಕರ್ಮವೀರ' ಪತ್ರಿಕೆಯ ರಂ. ರಾ. ದಿವಾಕರ್ ಕೇಂದ್ರದಲ್ಲಿ ಮಾಹಿತಿ ಮತ್ತು ಪ್ರಸಾರ ಮಂತ್ರಿಯಾದರು. 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕರಾಗಿದ್ದ ಅರುಣ್ ಶೌರಿ ರಾಜ್ಯಸಭೆಯಿಂದ ವಾಜಪೇಯಿ ಸಂಪುಟ ಸೇರಿದರು. ಆದರೆ ದಿವಾಕರ್ ಸ್ವಾತಂತ್ರ್ಯ ಹೋರಾಟದಲ್ಲೂ ಇದ್ದವರು, ಬರೀ ಲೇಖನಿ ಅಲ್ಲ.

ಬಾಳಿಕೆ? ಮಂತ್ರಿಗಿರಿ ಯಾವಾಗ ಬೇಕಾದರೂ ಹೋಗಬಹುದು. 224 ಕ್ಷೇತ್ರಗಳ ರಾಜ್ಯದಲ್ಲಿ ಮುಖ್ಯಮಂತ್ರಿ ಸೇರಿ 34 ಮಂತ್ರಿಗಳೇ ಗರಿಷ್ಠ. ಹಾಸನ ಜಿಲ್ಲೆಗಿರುವುದೇ 7 ಕ್ಷೇತ್ರ.

ಸಕಲೇಶಪುರದ ಕಡೆ ತೋಟವಿದ್ದು, ಊರಿನ ಹತ್ತು ಮನೆಯಲ್ಲಿ ಹೆಸರಿದ್ದರೆ ಈಗಲೇ ಪಂಚಾಯಿತಿಯಿಂದ ಶುರು ಮಾಡಬಹುದು. ಸಂಬಳವೇ ಮನೆ ನಡೆಸುತ್ತಿದ್ದರೆ ಇನ್ನೈದು ವರ್ಷ ಬರೆಯಲಿ. ಒಂದು ಮಾತ್ರ ಬೇಡ, ಮರೀ: ಪಕ್ಷದ ಕೆಲಸ ಮಾಡುತ್ತಾ ಸುದ್ದಿಯನ್ನೂ ಕಳಿಸುವುದು.