ರಿಪೀಟರ್, ಮೆಶ್, ಕೇಬಲ್: ನಮ್ಮ ಉಪ್ಪರಿಗೆಗೆ ಯಾವುದು ಒಗ್ಗಿತು?

ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಬಂದು ನಿಂತಿರುವುದು ಜಗುಲಿಯಲ್ಲಿ, ನಾನು ಕೆಲಸಕ್ಕೆ ಕೂರುವುದು ಹಿತ್ತಲ ಕಡೆಯ ಉಪ್ಪರಿಗೆಯಲ್ಲಿ. ಮೀಟಿಂಗ್ ಮಧ್ಯೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ಎರಡು ತಿಂಗಳು ನೆಟ್ ಕೊಟ್ಟವರನ್ನೇ ಬೈದೆ.

ಆಮೇಲೆ ಒಂದು ದಿನ ಲ್ಯಾಪ್‌ಟಾಪನ್ನು ಜಗುಲಿಗೆ ತಂದು ರೂಟರಿಗೆ ನೇರ ವೈರ್ ಚುಚ್ಚಿ ನೋಡಿದೆ. 100 ಎಂಬಿಪಿಎಸ್ ಪ್ಲಾನಿಗೆ 94 ಬಂತು. ಉಪ್ಪರಿಗೆಯಲ್ಲಿ ವೈಫೈ ಮೇಲೆ ಬರೀ 6. ಅಲ್ಲಿಂದಲೇ 192.168.1.1ಕ್ಕೆ, ಅಂದರೆ ನಮ್ಮದೇ ರೂಟರಿಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ) ಕೊಟ್ಟರೆ ಉತ್ತರ ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಇಲ್ಲವೇ ಇಲ್ಲ. ತೊಂದರೆ ಮನೆಯೊಳಗೇ ಇತ್ತು, ಸುಮ್ನೆ ಪರರನ್ನು ಬೈದಿದ್ದೆ.

ಖರ್ಚಿಲ್ಲದ ಮದ್ದು ಮೊದಲು. ರೂಟರ್ ಕಬ್ಬಿಣದ ಬೀರುವಿನ ಹಿಂದೆ ಇತ್ತು, ಈಚೆ ತಂದು ಎತ್ತರದಲ್ಲಿಟ್ಟೆ. 6 ಹೋಗಿ 11 ಆಯಿತು. ಚಾನೆಲ್, ಅಂದರೆ ವೈಫೈ ಮಾತಾಡುವ ರೇಡಿಯೋ ದಾರಿ, ಬದಲಿಸಿದೆ, ಏನೂ ಆಗಲಿಲ್ಲ. ತೋಟದ ಮಧ್ಯದ ಒಂಟಿ ಮನೆಯಲ್ಲಿ ಅಡ್ಡ ಬರಲು ಪಕ್ಕದ ಮನೆಯ ವೈಫೈ ಎಲ್ಲಿದೆ? ಶಿವಮೊಗ್ಗದ ವಿನೋಬನಗರದಲ್ಲಿ ಅಕ್ಕನ ಮನೆಗೆ ಮಾತ್ರ ಅದೇ ಮದ್ದು ನಾಟಿತು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ. ಬೀದಿಯವರೆಲ್ಲ 6ರಲ್ಲಿದ್ದರು.

ಮೊದಲು ತಂದದ್ದು ರಿಪೀಟರ್, ವೈಫೈ ಸಿಗ್ನಲ್ ಹಿಡಿದು ಮುಂದೆ ದಾಟಿಸುವ ಡಬ್ಬ. ಅಗ್ಗ, ಪ್ಲಗ್ಗಿಗೆ ಚುಚ್ಚಿದರೆ ಮುಗಿಯಿತು. ಫೋನಿನಲ್ಲಿ ವೈಫೈ ಗೀಟು ಫುಲ್. ವೇಗ 18, ಮೀಟಿಂಗ್ ಮತ್ತೆ ತೊದಲು. ನನ್ನ ತಪ್ಪೂ ಇತ್ತು: ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಇಟ್ಟಿದ್ದೆ. ತನಗೇ ಸರಿಯಾಗಿ ಕೇಳಿಸದ್ದನ್ನು ಅದು ಬೇರೆಯವರಿಗೆ ಹೇಗೆ ಹೇಳೀತು? ನಡುಮನೆಗೆ ತಂದ ಮೇಲೆ ಸುಧಾರಿಸಿತು. ಆದರೂ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದರಲ್ಲೇ ತಿರುಗಿ ಹೇಳುವ ಡಬ್ಬ ಅದು. ಹತ್ತಿರ ಹತ್ತಿರ ಅರ್ಧ ವೇಗ ಅಲ್ಲೇ ಹೋಗುತ್ತದೆ.

ಮೆಶ್ ಭಾವನದ್ದು, ಒಂದು ವಾರಕ್ಕೆ ಕಡ ತಂದಿದ್ದೆ. ಎರಡು ಡಬ್ಬ, ಒಂದೇ ಹೆಸರು, ಓಡಾಡಿದರೂ ಫೋನ್ ತಾನೇ ದಾಟಿಕೊಳ್ಳುತ್ತದೆ. ಉಪ್ಪರಿಗೆಯಲ್ಲಿ 40ರ ಆಚೀಚೆ. ಟಾರಸಿ ಮನೆಯಾಗಿದ್ದರೆ ಬಹುಶಃ ಇದನ್ನೇ ಕೊಳ್ಳುತ್ತಿದ್ದೆ. ಆದರೆ ಎರಡು ಡಬ್ಬಗಳು ಮಾತಾಡಬೇಕಾದದ್ದೂ ಅದೇ ಗೋಡೆಗಳ ಮೂಲಕ, ಅಲ್ವಾ?

ಕೊನೆಗೆ ಕೇಬಲ್. 30 ಮೀಟರ್ ಕ್ಯಾಟ್ 6 ತಂದೆ. ಈ ಜಾತಿಯ ಕೇಬಲ್ 100 ಮೀಟರ್‌ವರೆಗೆ ಆರಾಮ. ಸೂರಿನ ಕೆಳಗೆ, ಇಲಿ ಕಡಿಯದ ಹಾಗೆ ಪೈಪಿನೊಳಗೆ ಎಳೆದೆ. ತುದಿಗೆ ಪ್ಲಗ್ ಕೂರಿಸುವುದೇ ತಾಳ್ಮೆಯ ಕೆಲಸ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟು ಎಳೆ ಸಾಲಾಗಿ ಹಿಡಿದು ಒತ್ತುವಷ್ಟರಲ್ಲಿ ನೀಲಿ ಜಾರುತ್ತದೆ. ಮೂರು ಪ್ಲಗ್ ಹಾಳಾದವು.

ಮೇಲಿನ ತುದಿಗೆ ಮೂಲೆ ಸೇರಿದ್ದ ಹಳೇ ರೂಟರ್. ಇಲ್ಲಿ ಇನ್ನೊಂದು ಎಡವಟ್ಟು. ಅದರ ಡಿಎಚ್‌ಸಿಪಿ, ಅಂದರೆ ಫೋನು-ಲ್ಯಾಪ್‌ಟಾಪಿಗೆಲ್ಲ ನೆಟ್‌ವರ್ಕಿನ ವಿಳಾಸ ಕೊಡುವ ವ್ಯವಸ್ಥೆ, ಆಫ್ ಮಾಡಲು ಮರೆತೆ. ಮನೆಯಲ್ಲಿ ಐಪಿ ವಿಳಾಸ ಹಂಚುವ ಯಜಮಾನರು ಇಬ್ಬರಾದರು, ಅರ್ಧ ಫೋನುಗಳಿಗೆ ನೆಟ್ಟೇ ಇಲ್ಲ. ಅದನ್ನು ಆಫ್ ಮಾಡಿ, ಹಳೆಯದಕ್ಕೆ 192.168.1.2 ಕೊಟ್ಟು, ಕೇಬಲನ್ನು ವ್ಯಾನ್ (ಹೊರಗಿನ ನೆಟ್ ಬರುವ) ತೂತಿನ ಬದಲು ಲ್ಯಾನ್ (ಮನೆಯೊಳಗಿನ ಸಾಧನಗಳ) ತೂತಿಗೆ ಚುಚ್ಚಿದ ಮೇಲೆ ಸರಿಹೋಯಿತು. ಈಗ ಮೇಲೂ ವೈರಿನಲ್ಲಿ 94.

ಹಾಗಂತ ಮೀಟಿಂಗ್ ತೊದಲುವುದು ಪೂರ್ತಿ ನಿಲ್ಲಲಿಲ್ಲ. ಸಂಜೆ ಹೊತ್ತು ಅಪ್ಪನ ಫೋನ್ ಅಡಿಕೆ ಸುಲಿತದ ವಿಡಿಯೋಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸುತ್ತಿತ್ತು. ಅಪ್‌ಲೋಡ್ ತುಂಬಿದರೆ ಉಳಿದವರ ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು) ರೂಟರಿನಲ್ಲಿ ಸಾಲು ನಿಲ್ಲುತ್ತವೆ, ಎಷ್ಟು ಒಳ್ಳೇ ಕೇಬಲ್ ಇದ್ದರೂ ಅಷ್ಟೇ. ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿದೆ. ಇನ್ನು ಮಳೆಗೆ ಮರ ಬಿದ್ದು ಫೈಬರ್ ತುಂಡಾಗಿ ಕೆಂಪು ದೀಪ ಹತ್ತಿದರೆ ಮೂರರಲ್ಲಿ ಯಾವುದೂ ಉಪಯೋಗಕ್ಕಿಲ್ಲ.

ಕೇಬಲ್ಲಿಗೆ ಒಂದೇ ಶತ್ರು, ಸಿಡಿಲು. ತಾಮ್ರದ ತಂತಿ ಗೋಡೆಯಾಚೆ ಹಾದು ಬರುತ್ತದಲ್ಲ. ಕಳೆದ ಮೇ ತಿಂಗಳಲ್ಲಿ ಹಳೇ ರೂಟರಿನ ಒಂದು ತೂತು ಸತ್ತಿತು, ಉಳಿದ ಮೂರು ಬದುಕಿದವು. ಅಂದಿನಿಂದ ಗುಡುಗು ಕೇಳಿದ ಕೂಡಲೇ ಅಮ್ಮ ಕೆಳಗಿನಿಂದ ಕೂಗುತ್ತಾಳೆ, "ಆ ವೈರ್ ಕೀಳೋ ಮಾರಾಯ!" ಮೀಟಿಂಗಿನಲ್ಲಿದ್ದವರಿಗೂ ಕೇಳಿಸುತ್ತದೆ.